ಕಡಲೆಕಾಯಿ ಎಲೆಯೊಳಗಿನ ಸುರುಳಿ ಪೂಚಿ



ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವುದು ತಮಗೆಲ್ಲ ತಿಳಿದ ವಿಷಯ. ಮೂಟೆ ಕಟ್ಟಿಕೊಂಡು ಅಲ್ಲಿಗೆ ಬಂದವರು ತಮ್ಮಲ್ಲಿಯೇ ಅನೇಕರಿದ್ದೀರಿ. ಚಾಮರಾಜಪೇಟೆಯ ಕಡೆಯಿಂದ ರಾಮಕೃಷ್ಣಾಶ್ರಮವನ್ನು ದಾಟಿ ಬಸವನ ಗುಡಿಯ ರಸ್ತೆಗೆ ಕಾಲಿಟ್ಟರೆ ಸಾಕು, ಎರಡು ಪಕ್ಕದಲ್ಲಿಯೂ ಕಾಯಿಯ ರಾಶಿ. ಹಸಿ ಕಾಯಿ, ಹುರಿದ ಕಾಯಿ, ಬೇಯಿಸಿದ ಕಾಯಿ. ಎರಡು ಬೀಜದ್ದು, ಮೂರು ಬೀಜದ್ದು. ಮಾಗಡಿ, ಚಿಂತಾಮಣಿ, ಶ್ರೀನಿವಾಸಪುರದ ಕಡೆಯಿಂದ ಬರುವವರಲ್ಲದೆ ಆಂಧ್ರ, ತಮಿಳುನಾಡಿನಿಂದಲೂ ಬರುತ್ತಾರೆ. ಈಗೀಗ ಮಲ್ಲೇಶ್ವರದ ಕಾಡು ಮಲ್ಲೇಶ್ವರನ ಸನ್ನಿಧಿಯಲ್ಲಿಯೂ ಇಂಥದೇ ಒಂದು ಪರಿಷೆ ನಡೆಯುತ್ತಿದೆ.

ಈ ಪರಿಷೆಗೆ ಒಂದು ಕಥೆ ಉಂಟು. ಈಗ ಬಸವನಗುಡಿ ಇರುವ ಕಡೆ ಹಿಂದೆ ಸುಂಕೇನಹಳ್ಳಿ ಎಂಬ ಊರಿತ್ತು. ಅಲ್ಲಿಯೂ ಸುತ್ತಲಿನ ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳಲ್ಲಿಯೂ ರೈತರು ಕಡಲೆಕಾಯಿ ಬೆಳೆಯುತ್ತಿದ್ದರಂತೆ. ಕಾಯಿ ಬಲಿಯುವ ಹೊತ್ತಿಗೆ, ಹುಣ್ಣಿಮೆಯ ರಾತ್ರಿ, ಯಾವುದೋ ಒಂದು ಬಸವ ಬಂದು ಪೈರನ್ನು ಮೇಯ್ದು ಹೋಗುತ್ತಿತ್ತಂತೆ. ರೈತರು ದೊಣ್ಣೆ ಹಿಡಿದು ಕಾವಲು ಕೂತರು, ಅಟ್ಟಿಸಿಕೊಂಡು ಹೋದರು. ಬಸವ ಗುಡ್ಡದ ಮೇಲೆ ಕಲ್ಲಾಗಿ ನಿಂತಿತು. ಅಂದಿನಿಂದ ಮೊದಲ ಬೆಳೆಯನ್ನು ಬಸವಣ್ಣನಿಗೆ ಒಪ್ಪಿಸುವ ಪದ್ಧತಿ ಬಂತು, ಕೆಂಪೇಗೌಡರು ಗುಡಿ ಕಟ್ಟಿಸಿದರು ಎಂದು ಹಿರಿಯರು ಹೇಳುತ್ತಾರೆ.

ಈ ಕಥೆಯಲ್ಲಿ ರೈತರು ಮಾಡಿದ ಒಂದು ಕೆಲಸವನ್ನು ತಾವು ಗಮನಿಸಬೇಕು. ಬೆಳೆ ಹಾಳಾಯಿತು ಎಂದು ಅವರು ಹಣೆ ಚಚ್ಚಿಕೊಂಡು ಮನೆಯಲ್ಲಿ ಕೂರಲಿಲ್ಲ. ತಿಂದವರು ಯಾರು, ಯಾವ ಹೊತ್ತಿನಲ್ಲಿ ಬರುತ್ತಾರೆ ಎಂದು ಕಾದು ನೋಡಿದರು. ಕಳ್ಳನ ಗುರುತು ಹಿಡಿದ ಮೇಲೆ ದಾರಿ ಹುಡುಕಿದರು. ಈ ಹೊತ್ತು ನಾನು ಹೇಳಬೇಕೆಂದಿರುವುದು ಕಡಲೆಕಾಯಿಯ ಇನ್ನೊಬ್ಬ ಕಳ್ಳನ ವಿಷಯ. ಈ ಕಳ್ಳ ಎಲೆಯ ಮೇಲುಸಿಪ್ಪೆಗೂ ಕೆಳಸಿಪ್ಪೆಗೂ ನಡುವೆ ಮನೆ ಮಾಡಿಕೊಂಡು, ಹಗಲು ಹೊತ್ತಿನಲ್ಲಿಯೇ, ನಮ್ಮ ಕಣ್ಣೆದುರಿಗೇ ಮೇಯುತ್ತಾನೆ. ಇವನ ಹೆಸರು ಸುರುಳಿ ಪೂಚಿ. ತಮಿಳಿನಲ್ಲಿ ಪೂಚಿ ಎಂದರೆ ಹುಳ. ಆ ಮಾತು ನಮ್ಮ ರೈತರ ಬಾಯಿಗೂ ಬಂದುಬಿಟ್ಟಿದೆ. ಎಲೆ ಸುರಂಗದ ಹುಳ ಎಂತಲೂ ಅನ್ನುತ್ತಾರೆ. ಇದು ಪತಂಗದ ಜಾತಿಯ ಕೀಟ. ಶಾಸ್ತ್ರಜ್ಞರು ಇಟ್ಟಿರುವ ಹೆಸರು ಅಪ್ರೋಅರೀಮಾ ಮೋಡಿಸೆಲ್ಲಾ. ಆ ಹೆಸರನ್ನು ತಾವು ನೆನಪಿಡಬೇಕಾಗಿಲ್ಲ, ಹುಳದ ಗುರುತು ನೆನಪಿದ್ದರೆ ಸಾಕು.

ಹುಳದ ವಿಷಯಕ್ಕೆ ಮೊದಲು, ನಾನು ಮಾಡಿದ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಅದನ್ನು ಕೇಳಿದರೆ ಮುಂದಿನ ಮಾತು ತಮಗೆ ಸುಲಭವಾಗಿ ಹಿಡಿಸುತ್ತದೆ.

ಕೃಷಿ ಡಿಪ್ಲೊಮಾ ಮುಗಿಸಿ ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಆ ವರ್ಷ ಆಶ್ಲೇಷ ಮಳೆ ಕೈಕೊಟ್ಟಿತ್ತು, ಮಖೆಯೂ ಬರಲಿಲ್ಲ. ಒಂದು ಊರಿನ ಒಂದು ಮನೆಯವರು ಬಂದು, "ಸ್ವಾಮಿ, ಕಡ್ಲೆಕಾಯಿ ಗಿಡ ಯಾಕೋ ಕಂದಿಹೋಗ್ತಾ ಅದೆ, ಬಂದು ನೋಡಿ" ಎಂದು ಕರೆದರು. ಹೋದೆ. ಬಿಸಿಲು ಸುಡುತ್ತಿತ್ತು, ಇನ್ನೂ ಎರಡು ಊರು ಸುತ್ತುವುದಿತ್ತು. ಬದುವಿನ ಮೇಲೆ ನಿಂತು ನೋಡಿದೆ. ಗಿಡದ ಎಲೆ ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗಿ ಮುದುರಿಕೊಂಡಿತ್ತು. "ಇದು ರೋಗವಲ್ಲ, ಹುಳವಲ್ಲ. ನೀರಿಲ್ಲದೆ ಒಣಗಿದೆ. ಒಂದು ಮಳೆ ಬಿದ್ದರೆ ಸರಿಹೋಗುತ್ತದೆ" ಎಂದು ಹೇಳಿ ಹೊರಟುಬಿಟ್ಟೆ.

ಇಪ್ಪತ್ತು ದಿನ ಕಳೆದ ಮೇಲೆ ಅದೇ ದಾರಿಯಲ್ಲಿ ಹೋಗುವಾಗ ನೋಡುತ್ತೇನೆ, ಹೊಲಕ್ಕೆ ಹೊಲವೇ ಬೆಂಕಿ ತಾಗಿದಂತೆ ಕೆಂಪಗೆ ನಿಂತಿದೆ. ಕಾಯಿ ಕಟ್ಟುವ ಕಾಲದಲ್ಲಿ ಗಿಡಕ್ಕೆ ಎಲೆಯೇ ಇಲ್ಲವೆಂದ ಮೇಲೆ ಕಾಯಿ ತುಂಬುವುದೆಲ್ಲಿ ಬಂತು? ಆ ವರ್ಷ ಆ ಮನೆಯವರು ಮಾರಾಟಕ್ಕೆ ಮೂಟೆ ಒಯ್ಯಲಿಲ್ಲ. ಬಸವಣ್ಣನಿಗೆ ಹರಕೆ ಒಪ್ಪಿಸಲು ಒಂದು ಸಣ್ಣ ಪುಟ್ಟಿಯಲ್ಲಿ ಕಾಯಿ ಹಿಡಿದುಕೊಂಡು ಆ ಮನೆಯ ಅಜ್ಜಿ ಪರಿಷೆಗೆ ಬಂದಿದ್ದರು. ಗುಡಿಯ ಬಳಿ ನನ್ನನ್ನು ಕಂಡು ಅವರೇ ಮಾತಾಡಿಸಿದರು. ನನಗೆ ನೆಲ ನೋಡುವಂತಾಯಿತು.

ಅಜ್ಜಿ ಸಿಟ್ಟು ಮಾಡಲಿಲ್ಲ. "ನೀವು ಬದುವಿನ ಮ್ಯಾಲೆ ನಿಂತು ನೋಡಿದ್ರಿ ಸ್ವಾಮಿ. ನಾನು ಗಿಡದ ಮುಂದೆ ಕೂತ್ಕೊಂಡು ನೋಡ್ದೆ. ಆದ್ರೆ ನೋಡೋ ಹೊತ್ಗೆ ತಡ ಆಗಿತ್ತು. ಎಲೆ ಕಿತ್ತು ಬಿಸಿಲಿಗೆ ಹಿಡಿದ್ರೆ ಒಳಗೆ ಹಿಕ್ಕೆ ಕಾಣ್ತು. ಹಿಕ್ಕೆ ಇದ್ದ ಮ್ಯಾಲೆ ಹುಳ ಇರಲೇಬೇಕಲ್ಲ?" ಅಂದರು.

ಅವರ ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ನಲವತ್ತು ವರ್ಷ ಚಾಕಿ ಹುಳಕ್ಕೆ ಸೊಪ್ಪು ಕತ್ತರಿಸಿ ಹಾಕಿದ ಕೈ, ಹಿಕ್ಕೆ ಗುಡಿಸಿದ ಕೈ. ಹುಳ ಕಾಣದಿದ್ದರೂ ಹಿಕ್ಕೆಯಿಂದ ಹುಳವನ್ನು ಹಿಡಿದರು. ನಾನು ಪುಸ್ತಕದಲ್ಲಿ ಈ ಹುಳದ ಚಿತ್ರವನ್ನು ಬರೆದು ಪರೀಕ್ಷೆಯಲ್ಲಿ ಅಂಕ ಪಡೆದವನು. ಹೊಲದಲ್ಲಿ ಅದನ್ನು ಗುರುತಿಸಲಿಲ್ಲ. ಅಂದಿನಿಂದ ಬದುವಿನ ಮೇಲೆ ನಿಂತು ಯಾವ ಪೈರಿಗೂ ನಾನು ತೀರ್ಪು ಹೇಳುವುದಿಲ್ಲ.

ಈಗ ಹುಳದ ವಿಷಯಕ್ಕೆ ಬರೋಣ. ರೇಷ್ಮೆ ಕಂಡ ಮನೆಯವರಿಗೆ ಇದರ ಬಾಳುವೆಯ ಕ್ರಮವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮೊಟ್ಟೆ, ಹುಳ, ಗೂಡಿನ ಕೋಶ, ಚಿಟ್ಟೆ, ಹೀಗೆ ನಾಲ್ಕು ಅವಸ್ಥೆ. ರೇಷ್ಮೆಯದೂ ಅದೇ, ಸುರುಳಿ ಪೂಚಿಯದೂ ಅದೇ. ರೇಷ್ಮೆಯ ಹುಳ ತಟ್ಟೆಯಲ್ಲಿ ಎಲ್ಲರೆದುರು ತಿನ್ನುತ್ತದೆ, ಇದು ಬಾಗಿಲು ಹಾಕಿಕೊಂಡು ತಿನ್ನುತ್ತದೆ.

ಮೊದಲನೆಯದು ಮೊಟ್ಟೆ. ಹೆಣ್ಣು ಚಿಟ್ಟೆ ಎಲೆಯ ಕೆಳಮೈಯಲ್ಲಿ, ನಡುನರದ ಹತ್ತಿರ, ಒಂದೊಂದಾಗಿ ಮೊಟ್ಟೆ ಇಡುತ್ತದೆ. ಎಲೆಯ ತೊಟ್ಟಿನ ಮೇಲೆಯೂ ಇಡುವುದುಂಟು. ಮೊಟ್ಟೆ ಬಿಳುಪಾಗಿ ಹೊಳೆಯುತ್ತದೆ, ಗಸಗಸೆ ಕಾಳಿಗಿಂತಲೂ ಚಿಕ್ಕದು. ಬರಿಗಣ್ಣಿಗೆ ಕಾಣುವುದು ಕಷ್ಟ. ಒಂದು ಹೆಣ್ಣು 150ರಿಂದ 200 ಮೊಟ್ಟೆ ಇಡಬಲ್ಲದು. 3–4 ದಿನದಲ್ಲಿ ಮೊಟ್ಟೆ ಒಡೆಯುತ್ತದೆ.

ಎರಡನೆಯದು ಹುಳ. ನಷ್ಟ ಮಾಡುವ ಅವಸ್ಥೆ ಇದೊಂದೇ. ಮೊಟ್ಟೆಯಿಂದ ಹೊರಬಂದ ಮರಿ ನೇರವಾಗಿ ಎಲೆಯನ್ನು ಕೊರೆದು ಒಳಕ್ಕೆ ಸೇರುತ್ತದೆ. ಎಲೆಗೆ ಮೇಲೊಂದು, ಕೆಳಗೊಂದು ತೆಳುವಾದ ಸಿಪ್ಪೆ ಇದೆಯಷ್ಟೆ. ಎರಡು ಸಿಪ್ಪೆಯ ನಡುವೆ ಹಸಿರು ತಿರುಳು. ಈ ಮರಿ ತಿರುಳನ್ನು ಮಾತ್ರ ತಿಂದು ಸಿಪ್ಪೆಯನ್ನು ಬಿಡುತ್ತದೆ. ತಿಂದ ಜಾಗ ಮೊದಲು ಚಿಕ್ಕ ಕಂದು ಮಚ್ಚೆಯಂತೆ ಕಾಣುತ್ತದೆ. ಮರಿ ಬೆಳೆದಂತೆ ಮಚ್ಚೆಯೂ ಬೆಳೆಯುತ್ತದೆ, ಸಿಪ್ಪೆ ಉಬ್ಬಿಕೊಳ್ಳುತ್ತದೆ, ಎಲೆ ಆ ಕಡೆಗೆ ಸೊಟ್ಟಗಾಗುತ್ತದೆ. ಹೀಗೆ 5–6 ದಿನ ಎಲೆಯೊಳಗೆ ಕಳೆಯುತ್ತದೆ.

ಆಮೇಲೆ ಒಳಗೆ ಜಾಗ ಸಾಲದೆ ಹುಳ ಹೊರಗೆ ಬರುತ್ತದೆ. ಹೊರಗೆ ಬಂದರೂ ಬಯಲಿನಲ್ಲಿ ಇರುವುದಿಲ್ಲ. ಬಾಯಿಂದ ನೂಲು ತೆಗೆದು, ಒಂದೇ ಎಲೆಯನ್ನು ಮಡಿಸಿಯೋ ಅಥವಾ ಪಕ್ಕದ ಎರಡು ಮೂರು ಎಲೆಗಳನ್ನು ಪುಸ್ತಕದ ಹಾಳೆಯಂತೆ ಅಂಟಿಸಿಯೋ ನಡುವೆ ಕೂತು ತಿನ್ನುತ್ತದೆ. ಸುರುಳಿ ಪೂಚಿ ಎಂಬ ಹೆಸರು ಬಂದದ್ದು ಇದರಿಂದಲೇ. ಇಂಥ ಎಲೆಯನ್ನು ಮೆಲ್ಲಗೆ ಬಿಡಿಸಿ ನೋಡಿ. ತಿಳಿಹಸಿರು ಮೈ, ಕಪ್ಪಾಗಿ ಹೊಳೆಯುವ ತಲೆ, ಮುಟ್ಟಿದರೆ ಚಡಪಡಿಸುವ ಸಣ್ಣ ಹುಳ ಸಿಕ್ಕುತ್ತದೆ. ಪೂರ್ತಿ ಬೆಳೆದರೂ 6ರಿಂದ 8 ಮಿಲಿಮೀಟರು, ಎಂದರೆ ಅಕ್ಕಿಕಾಳಿಗಿಂತ ತುಸು ಉದ್ದ, ಅಷ್ಟೆ. ಕೆಲವು ಹುಳಗಳ ಬೆನ್ನಿನಲ್ಲಿ ನಸುಗೆಂಪು ಬಣ್ಣ ಕಾಣಿಸಬಹುದು. ಅದು ಗಂಡು ಹುಳದ ಗುರುತು, ಬೇರೆ ಜಾತಿಯೆಂದು ತಿಳಿಯಬೇಡಿ. ಎಲೆಯ ಒಳಗೂ ಹೊರಗೂ ಸೇರಿ ಹುಳದ ಅವಸ್ಥೆ 9ರಿಂದ 17 ದಿನ.

ಮೂರನೆಯದು ಕೋಶ. ತಿಂದು ತೃಪ್ತಿಯಾದ ಹುಳ ಅದೇ ಮಡಿಕೆಯೊಳಗೆ ಕೋಶವಾಗುತ್ತದೆ. ಕಂದು ಬಣ್ಣ, ಅಲುಗಾಟವಿಲ್ಲ, ಊಟವಿಲ್ಲ. 3ರಿಂದ 7 ದಿನ ಹೀಗೆ ಇರುತ್ತದೆ.

ನಾಲ್ಕನೆಯದು ಚಿಟ್ಟೆ. ಬಣ್ಣಬಣ್ಣದ ರೆಕ್ಕೆಯ ಚಿಟ್ಟೆಯೆಂದು ಹುಡುಕಬೇಡಿ. ಬೂದು ಮಿಶ್ರಿತ ಕಂದು ಬಣ್ಣದ, ಸುಮಾರು ಅಕ್ಕಿಕಾಳಿನಷ್ಟೇ ಉದ್ದದ ಸಣ್ಣ ಪತಂಗ ಇದು. ಮುಂದಿನ ರೆಕ್ಕೆಯ ಅಂಚಿನಲ್ಲಿ ಒಂದೊಂದು ಬಿಳಿ ಚುಕ್ಕೆ ಇರುತ್ತದೆ. ಸಾಲಿನಲ್ಲಿ ನಡೆಯುವಾಗ ಗಿಡದಿಂದ ಎದ್ದು ಸ್ವಲ್ಪ ದೂರ ಹಾರಿ ಮತ್ತೆ ಗಿಡಕ್ಕೇ ಕೂರುತ್ತದೆ. ರಾತ್ರಿ ದೀಪಕ್ಕೆ ಬರುತ್ತದೆ. ಚಿಟ್ಟೆ ಎಲೆಯನ್ನು ತಿನ್ನುವುದಿಲ್ಲ. ಆದರೆ ಮುಂದಿನ ಸಂತಾನಕ್ಕೆ ಬಿತ್ತನೆ ಹಾಕುವುದು ಅದೇ.

ಈಗ ಲೆಕ್ಕ ಹಾಕಿ. ಮೊಟ್ಟೆ 3–4 ದಿನ, ಹುಳ 9–17 ದಿನ, ಕೋಶ 3–7 ದಿನ. ಮೂರೂ ಕೂಡಿದರೆ 15ರಿಂದ 28 ದಿನ. ಮೂರು ನಾಲ್ಕು ವಾರಕ್ಕೆ ಒಂದು ಪೀಳಿಗೆ. ನಾಲ್ಕು ತಿಂಗಳ ಕಡಲೆಕಾಯಿ ಪೈರಿನಲ್ಲಿ ಮೂರು ನಾಲ್ಕು ಪೀಳಿಗೆ ಆಗಿಹೋಗುತ್ತದೆ. ಮೊದಲ ಪೀಳಿಗೆಯಲ್ಲಿ ಅಲ್ಲೊಂದು ಇಲ್ಲೊಂದು ಮಚ್ಚೆ. ಎರಡನೆಯದರಲ್ಲಿ ಗಿಡಗಿಡದಲ್ಲಿಯೂ ಮಡಿಸಿದ ಎಲೆ. ಮೂರನೆಯದಕ್ಕೆ ಬೆಂಕಿ ತಾಗಿದ ಹೊಲ. ನಾನು ಬದುವಿನ ಮೇಲೆ ನಿಂತು ಮಳೆ ಬರಲಿ ಎಂದದ್ದು ಮೊದಲ ಪೀಳಿಗೆ ಮುಗಿಯುವ ಹೊತ್ತಿನಲ್ಲಿ. ಇಪ್ಪತ್ತು ದಿನದಲ್ಲಿ ಏನಾಯಿತು ಎಂಬುದು ಈಗ ತಮಗೆ ಗೊತ್ತಾಯಿತಲ್ಲ.

ಮಳೆ ಕೈಕೊಟ್ಟಾಗಲೇ ಈ ಹುಳ ಹೆಚ್ಚುತ್ತದೆ, ಚೆನ್ನಾಗಿ ಮಳೆ ಹೊಡೆದರೆ ತಗ್ಗುತ್ತದೆ. ನಾನು ಮೋಸಹೋದದ್ದು ಇದರಿಂದಲೇ. ಬರವೂ ಹುಳವೂ ಜೊತೆಯಲ್ಲಿ ಬರುತ್ತವೆ. ಗಿಡ ಕಂದಿದ್ದಕ್ಕೆ ನಾವು ಬರವನ್ನು ಬೈಯುತ್ತೇವೆ, ಹುಳ ಒಳಗೆ ಕೂತು ತಿನ್ನುತ್ತದೆ. ಹಾಗಾದರೆ ಬೇರೆ ಬೇರೆಯಾಗಿ ತಿಳಿಯುವುದು ಹೇಗೆ?

ನೀರು ಸಾಲದ ಗಿಡ ಮಧ್ಯಾಹ್ನದ ಹೊತ್ತಿಗೆ ಎಲೆ ಮಡಿಸಿ ಬಾಡುತ್ತದೆ. ಬೆಳಗಿನ ತಂಪಿಗೆ ಮತ್ತೆ ಅರಳುತ್ತದೆ. ಎಲೆಯಲ್ಲಿ ಮಚ್ಚೆ ಇರುವುದಿಲ್ಲ, ಹಿಕ್ಕೆ ಇರುವುದಿಲ್ಲ. ಟಿಕ್ಕಾ ಎಂಬ ಎಲೆ ಚುಕ್ಕೆ ರೋಗದಲ್ಲಿ ಮಚ್ಚೆ ದುಂಡಗೆ, ಕಂದು ಇಲ್ಲವೆ ಕಪ್ಪು ಬಣ್ಣಕ್ಕೆ ಇರುತ್ತದೆ. ಸುತ್ತ ಹಳದಿ ಉಂಗುರ ಕಾಣುವುದುಂಟು. ಆದರೆ ಎಲೆ ಉಬ್ಬುವುದಿಲ್ಲ, ಅಂಟಿಕೊಳ್ಳುವುದಿಲ್ಲ. ಜಿಗಿಹುಳು ರಸ ಹೀರಿದರೆ ಎಲೆಯ ತುದಿ ಮಾತ್ರ ಹಳದಿಯಾಗುತ್ತದೆ. ಕಂಬಳಿಹುಳು ತಿಂದರೆ ಎಲೆಯೇ ಮಾಯವಾಗುತ್ತದೆ, ತೂತು ಬೀಳುತ್ತದೆ. ಸುರುಳಿ ಪೂಚಿಯದಾದರೆ ಎಲೆ ಅಲ್ಲಿಯೇ ಇರುತ್ತದೆ, ಮೇಲಿನ ಸಿಪ್ಪೆ ಹಾಗೇ ಇರುತ್ತದೆ, ಒಳಗೆ ಟೊಳ್ಳು.

ಅಜ್ಜಿಯ ಪರೀಕ್ಷೆ ಎಲ್ಲಕ್ಕಿಂತ ಸುಲಭ. ಮಚ್ಚೆ ಇರುವ ಎಲೆಯನ್ನು ಕಿತ್ತು ಬಿಸಿಲಿಗೆ ಅಡ್ಡವಾಗಿ ಹಿಡಿಯಿರಿ. ಸಿಪ್ಪೆಯ ಒಳಗೆ ಕಪ್ಪು ಕಣದಂಥ ಹಿಕ್ಕೆ ಕಂಡರೆ ಹುಳದ ಕೆಲಸ. ಪಕ್ಕದಲ್ಲಿಯೇ ಎಳ್ಳಿನ ಹಾಗೆ ಮರಿ ಅಲುಗುವುದೂ ಕಾಣಬಹುದು. ಹಿಕ್ಕೆ ಇಲ್ಲದಿದ್ದರೆ ಬೇರೆ ಕಾರಣ ಹುಡುಕಬೇಕು. ಇದಕ್ಕೆ ಕಾಸು ಖರ್ಚಿಲ್ಲ. ಸ್ಕೂಲಿಗೆ ಹೋಗುವ ಮಕ್ಕಳೂ ಮಾಡಬಹುದು.

ಇದರ ಅಭ್ಯಾಸ ಆಗಬೇಕಾದರೆ ನಿಂಬೆಗಿಡದಲ್ಲಿ ನೋಡಿ. ಚಾಮರಾಜಪೇಟೆ, ಮಲ್ಲೇಶ್ವರದ ಹಳೆಯ ಮನೆಗಳ ಹಿತ್ತಲಿನಲ್ಲಿ ನಿಂಬೆಯದೋ ಹೇರಳೆಯದೋ ಒಂದು ಗಿಡ ಇರುವುದುಂಟು, ನಮ್ಮ ಹಳ್ಳಿಯ ಬಾವಿಕಟ್ಟೆಯ ಬಳಿಯೂ ಇರುತ್ತದೆ. ಅದರ ಎಳೆ ಎಲೆಯ ಮೇಲೆ ಬೆಳ್ಳಿಯ ದಾರ ಎಳೆದಂತೆ ಸೊಟ್ಟಸೊಟ್ಟ ಗೆರೆ ಇರುವುದನ್ನು ಕಂಡಿರಬಹುದು. ರಂಗೋಲಿ ಹುಳು ಎನ್ನುತ್ತಾರೆ. ಅದೂ ಎಲೆಯೊಳಗೆ ಬಾಳುವ ಪತಂಗದ ಮರಿಯೇ, ಆದರೆ ಬೇರೆ ಜಾತಿ. ಆ ಬೆಳ್ಳಿಗೆರೆಯ ನಡುವೆ ಕಪ್ಪು ದಾರದಂತೆ ಕಾಣುವುದು ಅದರ ಹಿಕ್ಕೆ. ನಿಂಬೆಯ ಹುಳ ಕಡಲೆಕಾಯಿಗೆ ಬರುವುದಿಲ್ಲ, ಕಡಲೆಕಾಯಿಯದು ನಿಂಬೆಗೆ ಹೋಗುವುದಿಲ್ಲ. ಟೊಮ್ಯಾಟೊ, ಹುರುಳಿಕಾಯಿ ಎಲೆಯ ಮೇಲೆ ಗೆರೆ ಎಳೆಯುವುದು ಬಹುಮಟ್ಟಿಗೆ ಒಂದು ಸಣ್ಣ ನೊಣದ ಮರಿ. ಅದಕ್ಕೆ ಕಾಲಿಲ್ಲ, ಕಪ್ಪು ತಲೆಯಿಲ್ಲ. ಎಲೆಯೊಳಗೆ ಇದ್ದದ್ದೆಲ್ಲ ಒಂದೇ ಹುಳ ಎಂದು ಒಂದೇ ಔಷಧಿ ಹೊಡೆಯುವುದು ಸರಿಯಲ್ಲ.

ಸುರುಳಿ ಪೂಚಿಯ ನೆಂಟಸ್ತಿಕೆ ದ್ವಿದಳ ಧಾನ್ಯದ ಕುಲದೊಂದಿಗೆ. ಕಡಲೆಕಾಯಿ ಇಲ್ಲದ ಕಾಲದಲ್ಲಿ ಸೋಯಾ ಅವರೆ, ಕುದುರೆ ಮಸಾಲೆ ಸೊಪ್ಪು, ಬಾವಂಚಿ ಗಿಡ ಮುಂತಾದುವುಗಳ ಮೇಲೆ ಹೊಟ್ಟೆ ಹೊರೆಯುತ್ತದೆ. ಕಡಲೆಕಾಯಿ ಗಿಡ ದಕ್ಷಿಣ ಅಮೆರಿಕದಿಂದ ನಮ್ಮಲ್ಲಿಗೆ ಬಂದದ್ದು. ಈ ಹುಳ ನಮ್ಮ ಕಡೆಯದೇ, ಬಂದ ಗಿಡಕ್ಕೆ ಒಗ್ಗಿಕೊಂಡಿತು. ಇದು 1998ರಲ್ಲಿ ಆಫ್ರಿಕಾದ ಉಗಾಂಡಾದಲ್ಲಿಯೂ ಕಾಣಿಸಿಕೊಂಡು, ಅಲ್ಲಿನ ರೈತರಿಗೂ ಇದೇ ಪಾಡು ತಂದಿತು.

ಇನ್ನು ಮಾಡಬೇಕಾದದ್ದೇನು? ಎಲೆ ಕಂದಿತು ಎಂದ ಕೂಡಲೇ ಅಂಗಡಿಗೆ ಓಡಬೇಡಿ. ಮೊದಲು ಎಣಿಸಿ. ಬಿತ್ತಿದ ಮೂರನೆಯ ವಾರದಿಂದ ವಾರಕ್ಕೊಮ್ಮೆ ಹೊಲದಲ್ಲಿ ಮೂಲೆಯಿಂದ ಮೂಲೆಗೆ ನಡೆದು, ಐದು ಕಡೆ ಐದೈದು ಗಿಡದ ಮುಂದೆ ಕೂತು ನೋಡಿ. ಮಚ್ಚೆಯನ್ನು ಎಣಿಸಬಾರದು, ಜೀವಂತ ಹುಳವನ್ನು ಎಣಿಸಬೇಕು. ಹುಳ ಹೊರಟುಹೋದ ಖಾಲಿ ಮಚ್ಚೆಗೆ ಔಷಧಿ ಹೊಡೆದು ಪ್ರಯೋಜನವೇನು? ಒಟ್ಟು ಹುಳವನ್ನು 25ರಿಂದ ಭಾಗಿಸಿದರೆ ಗಿಡಕ್ಕೆ ಎಷ್ಟೆಂದು ತಿಳಿಯುತ್ತದೆ. ಸುಮಾರು 30 ದಿನದ ಪೈರಿನಲ್ಲಿ ಗಿಡಕ್ಕೆ 5, ಹೂ ಬಿಡುವ 50 ದಿನದ ಹೊತ್ತಿಗೆ 10, ಕಾಯಿ ತುಂಬುವ 70 ದಿನದ ಹೊತ್ತಿಗೆ 15 ಹುಳ, ಇದು ಎಲ್ಲೆ. ಇದಕ್ಕಿಂತ ಕಡಮೆ ಇದ್ದರೆ ಗಿಡ ತಡೆದುಕೊಳ್ಳುತ್ತದೆ. ಎಲ್ಲೆ ಮುಟ್ಟಿದರೆ ಸುಮ್ಮನಿರಬಾರದು.

ಎಣಿಸುವಾಗಲೇ ಅವಸ್ಥೆಯನ್ನೂ ನೋಡಿ. ಮಡಿಸಿದ ಎಲೆಯನ್ನು ಬಿಡಿಸಿದಾಗ ಬಹುಪಾಲು ಕಂದು ಕೋಶವೇ ಸಿಕ್ಕಿದರೆ ಆ ದಿನ ಔಷಧಿ ಹೊಡೆಯಬೇಡಿ. ಕೋಶ ಊಟ ಮಾಡುವುದಿಲ್ಲ, ಎಲೆಯ ಮೇಲೆ ಬಿದ್ದ ಔಷಧಿ ಅದರ ಹೊಟ್ಟೆಗೆ ಸೇರುವುದಿಲ್ಲ, ಹಣ ಮಣ್ಣಿಗೆ ಸೇರುತ್ತದೆ. ಕೋಶ ಒಡೆದು ಚಿಟ್ಟೆ ಬಂದು, ಮೊಟ್ಟೆ ಇಟ್ಟು, ಮೊಟ್ಟೆ ಒಡೆಯಬೇಕು. ಹೀಗಾಗಿ ಒಂದು ವಾರ ಹತ್ತು ದಿನ ಬಿಟ್ಟು ಮತ್ತೆ ಎಣಿಸಿ, ಎಳೆಯ ಮಚ್ಚೆಗಳು ಕಾಣಿಸಿಕೊಂಡಾಗ ಕ್ರಮ ಕೈಗೊಳ್ಳಿ. ಹುಳ ಚಿಕ್ಕದಿದ್ದಾಗ ಸಾಯುವುದು ಸುಲಭ, ದೊಡ್ಡದಾಗಿ ಮಡಿಕೆ ಸೇರಿದ ಮೇಲೆ ಕಷ್ಟ.

ಚಿಟ್ಟೆ ಬಂದಿದೆಯೋ ಇಲ್ಲವೋ ತಿಳಿಯಲು ಹೊಲದ ಬಳಿ ಒಂದು ದೀಪ ಇಡಿ. ರಾತ್ರಿ 8ರಿಂದ 11 ಗಂಟೆಯವರೆಗೆ ನೆಲಮಟ್ಟದಲ್ಲಿ ದೀಪವಿಟ್ಟು, ಕೆಳಗೆ ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ನಾಲ್ಕು ತೊಟ್ಟು ಸೀಮೆಎಣ್ಣೆ ಬಿಡಿ. ಬ್ಯಾಟರಿ ದೀಪವಾದರೂ ಸರಿ. ಬೆಳಿಗ್ಗೆ ತಟ್ಟೆಯಲ್ಲಿ ಬಿಳಿ ಚುಕ್ಕೆಯ ಸಣ್ಣ ಪತಂಗ ಹೆಚ್ಚಾಗಿ ಬಿದ್ದಿದ್ದರೆ, ಇನ್ನು ನಾಲ್ಕೈದು ದಿನದಲ್ಲಿ ಮರಿ ಬರುತ್ತದೆ ಎಂದು ತಿಳಿದುಕೊಳ್ಳಿ. ಗಂಡು ಪತಂಗವನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆಗಳೂ ಉಂಟು.

ಹುಳ ಚಿಕ್ಕದಿರುವಾಗ ಬೇವಿನ ಬೀಜದ ಕಷಾಯ ಒಳ್ಳೆಯದು. 5 ಕಿಲೋ ಒಣಗಿದ ಬೇವಿನ ಬೀಜದ ತಿರುಳನ್ನು ಕುಟ್ಟಿ ಪುಡಿ ಮಾಡಿ, ನೀರಿನಲ್ಲಿ ಒಂದು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, 100 ಲೀಟರು ನೀರು ಮಾಡಿಕೊಳ್ಳಿ. ಎಲೆಗೆ ಹಿಡಿಯುವಂತೆ ಸ್ವಲ್ಪ ಸಾಬೂನು ಪುಡಿ ಕಲಸಿ, ಬಿಸಿಲು ಇಳಿದ ಮೇಲೆ ಸಿಂಪಡಿಸಿ. ಅದರಿಂದಲೂ ತಗ್ಗದೆ ಎಲ್ಲೆ ಮೀರಿದ್ದರೆ, ಹುಳವಿರುವ ಎಲೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತನ್ನಿ. ಹುಳವನ್ನು ನೋಡಿ ಅಲ್ಲಿ ಹೇಳಿದ ಔಷಧಿಯನ್ನು, ಹೇಳಿದ ಅಳತೆಯಲ್ಲಿಯೇ ಉಪಯೋಗಿಸಿ. ಅಟ್ಟದ ಮೇಲಿನ ಹಳೆಯ ಡಬ್ಬಿಯನ್ನು ತೆಗೆಯಬೇಡಿ. ಎಂಡೋಸಲ್ಫಾನ್‌ನಂಥ ಔಷಧಿಯನ್ನು ಸುಪ್ರೀಂ ಕೋರ್ಟು 2011ರಲ್ಲಿಯೇ ತಡೆದಿದೆ. ಅದರಿಂದ ದಕ್ಷಿಣ ಕನ್ನಡ, ಕಾಸರಗೋಡಿನ ಕಡೆಯ ಜನ ಪಟ್ಟ ಕಷ್ಟ ಸಣ್ಣದಲ್ಲ.

ಇನ್ನೆರಡು ಎಚ್ಚರಿಕೆ. ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದರೆ ಗಾಳಿ ಬೀಸುವ ಹೊತ್ತಿನಲ್ಲಿ ಔಷಧಿ ಹೊಡೆಯಲೇಬೇಡಿ. ಪೂಚಿಯನ್ನು ಕೊಲ್ಲುವ ಔಷಧಿ ರೇಷ್ಮೆ ಹುಳವನ್ನು ಬಿಡುವುದಿಲ್ಲ, ಸೊಪ್ಪಿನ ಮೇಲೆ ಹನಿ ಬಿದ್ದರೂ ಒಂದು ಬೆಳೆ ಗೂಡು ಹೋದಂತೆಯೇ. ಎರಡನೆಯದಾಗಿ, ಔಷಧಿ ಹೊಡೆದ ಕಡಲೆಬಳ್ಳಿಯನ್ನು ಡಬ್ಬಿಯ ಮೇಲೆ ಹೇಳಿದಷ್ಟು ದಿನ ಕಳೆಯದೆ ದನಕ್ಕೆ ಹಾಕಬಾರದು.

ಹುಳ ಬರುವುದಕ್ಕೆ ಮುಂಚೆಯೇ ಮಾಡಬಹುದಾದ ಕೆಲಸಗಳೂ ಇವೆ. ಮಳೆ ಬಿದ್ದ ಕೂಡಲೇ ಊರಿನವರೆಲ್ಲ ಆದಷ್ಟು ಒಂದೇ ಸಮಯಕ್ಕೆ ಬಿತ್ತಿ. ಹಿಂದುಳಿದ ಹೊಲಕ್ಕೆ ಮುಂದಿನ ಹೊಲದ ಚಿಟ್ಟೆಗಳೆಲ್ಲ ಬಂದು ಸೇರುತ್ತವೆ. ಕಡಲೆಕಾಯಿ ಬೆಳೆದ ಹೊಲದಲ್ಲಿ ಮುಂದಿನ ಸಲ ರಾಗಿಯನ್ನೋ ಜೋಳವನ್ನೋ ಹಾಕಿ. ಬಾವಿಯ ನೀರು ಇರುವವರು ಮಳೆ ತಡೆದಾಗ ಪೈರನ್ನು ಒಣಗಗೊಡಬೇಡಿ. ಹಾಗೆಯೇ, ಎಲೆ ಬಿಡಿಸಿದಾಗ ಸತ್ತ ಹುಳವೂ ಅದರ ಪಕ್ಕದಲ್ಲಿ ಸಣ್ಣ ಕಣಜದ ಗೂಡೂ ಸಿಕ್ಕಿದರೆ ಸಂತೋಷಪಡಿ. ಆ ಕಣಜಗಳು ಕೂಲಿಯಿಲ್ಲದೆ ನಮ್ಮ ಪರವಾಗಿ ದುಡಿಯುವ ಆಳುಗಳು. ಸುಮ್ಮಸುಮ್ಮನೆ ಔಷಧಿ ಹೊಡೆದರೆ ಮೊದಲು ಸಾಯುವುದು ಅವೇ.

ಅಜ್ಜಿಯ ಮನೆಯ ಮಾತು ಅರ್ಧಕ್ಕೆ ನಿಂತಿತ್ತು. ಮಾರನೆಯ ವರ್ಷ ಹೂ ಬಿಡುವ ಹೊತ್ತಿಗೆ ಮತ್ತೆ ಮಳೆ ತಡೆಯಿತು, ಎಲೆಯಲ್ಲಿ ಮತ್ತೆ ಮಚ್ಚೆ ಬಿತ್ತು. ಅಜ್ಜಿಯ ಮಗ ಹೆದರಿ ಔಷಧಿ ತರಲು ಹೊರಟಿದ್ದರು. ಹೆದರುವುದು ಸಹಜವೇ, ಹಿಂದಿನ ವರ್ಷದ ಸಾಲ ಇನ್ನೂ ತೀರಿರಲಿಲ್ಲ. ಮನೆಯಲ್ಲಿ ರೇಷ್ಮೆ ಹುಳ ಮೂರನೆಯ ಜ್ವರಕ್ಕೆ ಕೂತಿತ್ತು, ಸೊಪ್ಪಿನ ತೋಟ ಪಕ್ಕದಲ್ಲಿಯೇ. ಅಜ್ಜಿಯೂ ನಾನೂ ಸಾಲಿನಲ್ಲಿ ಕೂತು 25 ಗಿಡ ಎಣಿಸಿದೆವು. ಅಜ್ಜಿ ಎಲೆ ಬಿಡಿಸಿ ಹೇಳುವುದು, ನಾನು ಬರೆದುಕೊಳ್ಳುವುದು. ಗಿಡಕ್ಕೆ ನಾಲ್ಕು ಹುಳವೂ ಬರಲಿಲ್ಲ. "ಹೊಡೀಬ್ಯಾಡ ಕಣಪ್ಪ. ಮುಂದಿನ ವಾರ ಎಣಿಸಾನ" ಎಂದು ಅಜ್ಜಿ ಮಗನಿಗೆ ಹೇಳಿದರು. ಮುಂದಿನ ವಾರ ಮತ್ತೆ ಎಣಿಸಿದೆವು, ಆಗಲೂ ಎಲ್ಲೆಯ ಒಳಗೇ ಇತ್ತು. ಅಷ್ಟರಲ್ಲಿ ಹುಬ್ಬೆ ಮಳೆ ಇಳಿಯಿತು. ಔಷಧಿಯ ಹಣ ಉಳಿಯಿತು, ಗೂಡೂ ಉಳಿಯಿತು, ಕಡಲೆಕಾಯಿಯೂ ಮನೆಗೆ ಬಂತು. ಎಲ್ಲ ವರ್ಷವೂ ಹೀಗೆಯೇ ಆಗುತ್ತದೆಂದು ನಾನು ಹೇಳುವುದಿಲ್ಲ. ಎಲ್ಲೆ ಮೀರಿದ್ದರೆ ಅದೇ ಅಜ್ಜಿ ಹೊಡೆಯಲು ಹೇಳುತ್ತಿದ್ದರು. ಎಣಿಸಿದ್ದರಿಂದ ಏನು ಮಾಡಬೇಕೆಂಬುದು ಗೊತ್ತಾಯಿತು, ಅಷ್ಟೆ.

ಆದ್ದರಿಂದ ರೈತ ಬಾಂಧವರೆ, ಈ ಸಲ ಮಳೆ ಎಂಟು ಹತ್ತು ದಿನ ತಡೆದರೆ, ಬದುವಿನಿಂದ ಇಳಿದು ಗಿಡದ ಮುಂದೆ ಕೂರಿ. ಮಚ್ಚೆ ಬಿದ್ದ ಎಲೆಯನ್ನು ಬಿಸಿಲಿಗೆ ಹಿಡಿದು ಹಿಕ್ಕೆ ನೋಡಿ. ಮಡಿಸಿದ ಎಲೆಯನ್ನು ಬಿಡಿಸಿ ಹುಳವೋ ಕೋಶವೋ ತಿಳಿಯಿರಿ. ಜೀವಂತ ಹುಳವನ್ನು ಎಣಿಸಿ. ಮನೆಯ ಹೆಂಗಸರನ್ನೂ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರ ಕಣ್ಣು ನಮ್ಮದಕ್ಕಿಂತ ಚುರುಕು. ನಮ್ಮಂಥ ಅಧಿಕಾರಿಗಳು ಬಂದು ಬದುವಿನ ಮೇಲೆ ನಿಂತು ಮಾತಾಡಿದರೆ, ಒಂದು ಎಲೆ ಕಿತ್ತು ಕೈಗೆ ಕೊಟ್ಟು, "ಬಿಸಿಲಿಗೆ ಹಿಡಿದು ನೋಡಿ ಸ್ವಾಮಿ" ಎನ್ನಿ. ನಾವು ತಪ್ಪು ತಿಳಿಯುವುದಿಲ್ಲ.

ಮುಂದಿನ ಕಾರ್ತಿಕಕ್ಕೆ ಬಸವಣ್ಣನ ಪುಟ್ಟಿಯೂ ತುಂಬಲಿ, ಮಾರಾಟದ ಮೂಟೆಯೂ ತುಂಬಲಿ.